ಹತ್ತನೆಯವರು

ಮಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಿಂದ ಆಯ್ಕೆಯಾದ ಸುದ್ದಿ ಬಂದ ಮೇಲೆ ಯಶಸ್ವಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದಳು. ಅಂಗಳಕ್ಕೆ ಬಂದು ಒಣಗಿಸಿದ ಬಟ್ಟೆ ಮುಟ್ಟಿ ನೋಡಿ, ಒಣಗದಿದ್ದದ್ದನ್ನೂ ತೆಗೆದುಕೊಂಡು ಒಳಗೆ ಬಂದಳು. ಮತ್ತೆ ಫೋನು ತೆರೆದು ಅದೇ ಇ-ಮೇಲ್ ಓದಿದಳು. ಬಿ.ಎಸ್ಸಿ. ಸಂಖ್ಯಾಶಾಸ್ತ್ರ, ಐದನೇ ಸೆಮಿಸ್ಟರಿಗೆ ನೇರ ಪ್ರವೇಶ. ಈಗಿನ ಕಾಲೇಜಿನಿಂದ ಎನ್.ಒ.ಸಿ. ಎಂಬ ಒಪ್ಪಿಗೆ ಪತ್ರ ಮತ್ತು ಟಿ.ಸಿ. ತಂದು ತಿಂಗಳ ಕೊನೆಯೊಳಗೆ ಸೇರಬೇಕು.

"ಎಂತ ಮಾರಾಯ್ತಿ, ಹೊಟ್ಟೆ ಸರಿ ಇಲ್ವಾ?" ಎಂದು ಅಮ್ಮ ಕೇಳಿದಳು.

"ಸೀಟು ಸಿಕ್ಕಿತು," ಎಂದಳು ಯಶಸ್ವಿ. ಹೇಳುವಾಗ ತನ್ನ ಸ್ವರ ಯಾರದೋ ಸ್ವರದ ಹಾಗೆ ಕೇಳಿಸಿತು.

ಈ ಚಡಪಡಿಕೆ ಶುರುವಾದದ್ದು ಹಿಂದಿನ ವರ್ಷ. ಕಡಬದ ಹತ್ತಿರದ ಅವಳ ಸಣ್ಣ ಕಾಲೇಜಿಗೆ ಮೊದಲ ಸಲ ಕ್ಯಾಂಪಸ್ ಇಂಟರ್‌ವ್ಯೂ ಬಂದಿತ್ತು. ಬಂದವರಿಗೆ ಚಾ ಕೊಡುವ ಕೆಲಸ ಯಶಸ್ವಿಯ ಪಾಲಿಗೆ ಬಿತ್ತು. ಕೊನೆಯ ವರ್ಷದ ಪೂಜಿತಾ, ಸಂಖ್ಯಾಶಾಸ್ತ್ರದಲ್ಲಿ ಎಲ್ಲರಿಗಿಂತ ಮುಂದಿದ್ದವಳು, ಇಸ್ತ್ರಿ ಹಾಕಿದ ಚೂಡಿದಾರದಲ್ಲಿ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಅವರು ಅವಳ ಅಂಕಪಟ್ಟಿ ತೆರೆದೂ ನೋಡಲಿಲ್ಲ. "ಸ್ಕೂಟಿ ಬಿಡ್ಲಿಕ್ಕೆ ಬರ್ತದಾ? ಲೈಸೆನ್ಸ್ ಉಂಟಾ?" ಎಂದು ಕೇಳಿದರು. ಸಾಲದ ಕಂತು ವಸೂಲಿಗೆ ಮನೆಮನೆ ತಿರುಗುವ ಕೆಲಸ ಅದು. ಪೂಜಿತಾ ಹೌದೆಂದಳು, ಕೆಲಸ ಸಿಕ್ಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಚಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಯಶಸ್ವಿಗೆ ಮಾತ್ರ ಆ ಚಪ್ಪಾಳೆ ಮೈಯೆಲ್ಲ ಚುಚ್ಚಿತು. ಮಂಗಳೂರಿನ ಆ ವಿಶ್ವವಿದ್ಯಾಲಯಕ್ಕೆ ವಿಮಾ ಕಂಪೆನಿಗಳು, ಔಷಧ ಕಂಪೆನಿಗಳು ಅಂಕಿ ಅಂಶ ನೋಡುವ ಹುಡುಗ ಹುಡುಗಿಯರನ್ನು ಹುಡುಕಿಕೊಂಡು ಬರುತ್ತವೆ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಅಲ್ಲಿ ಸೀಟು ಸಿಗುವುದು ಸುಲಭವಲ್ಲ. ಪರೀಕ್ಷೆ, ಮೌಖಿಕ ಎರಡೂ ಉಂಟು. ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ ದಮಯಂತಿ ಮೇಡಂ ಅವಳನ್ನು ಸಂಜೆ ನಿಲ್ಲಿಸಿಕೊಂಡು ಲೆಕ್ಕ ಮಾಡಿಸಿದರು. ಹಾಗೆ ಸಿಕ್ಕಿದ ಸೀಟು ಅದು.

ಮರುದಿನ ಪ್ರಾಂಶುಪಾಲರ ಕೋಣೆಗೆ ಹೋದಳು. ಅವರು ಅರ್ಜಿ ಓದಿ ಕನ್ನಡಕ ತೆಗೆದಿಟ್ಟರು.

"ಮುಂದಿನ ವರ್ಷ ಸಂಖ್ಯಾಶಾಸ್ತ್ರ ಮುಖ್ಯ ವಿಷಯ ತಗೊಂಡವರು ಎಷ್ಟು ಜನ?"

"ಹತ್ತು ಜನ, ಸರ್."

"ನೀನು ಸೇರಿ. ಹತ್ತಕ್ಕಿಂತ ಕಡಿಮೆಯಾದರೆ ಆಡಳಿತ ಮಂಡಳಿಯವರು ಆ ವಿಷಯ ನಡೆಸುದಿಲ್ಲ. ಕಳೆದ ಸಲ ಮೀಟಿಂಗಿನಲ್ಲೇ ಹೇಳಿದ್ದಾರೆ. ಉಳಿದವರನ್ನು ನಾನು ಎಲ್ಲಿಗೆ ಕಳಿಸುದು? ನಿನಗೆ ಎನ್.ಒ.ಸಿ. ಕೊಟ್ಟು ಒಂಬತ್ತು ಮಕ್ಕಳ ಕೈ ಬಿಡುದಾ?"

ದಮಯಂತಿ ಮೇಡಂ ಆಗ ಸಹಿ ಹಾಕಲಿಕ್ಕೆ ಅಲ್ಲಿಗೆ ಬಂದಿದ್ದರು. ವಾರದ ಅರ್ಧ ಇಲ್ಲಿ, ಉಳಿದರ್ಧ ಸುಳ್ಯದ ಇನ್ನೊಂದು ಕಾಲೇಜಿನಲ್ಲಿ ಪಾಠ ಮಾಡುವವರು. ಮನೆ ದೂರದ ಕೊಲ್ಲಮೊಗ್ರುವಿನಲ್ಲಿ. ಅವರ ಅರ್ಧ ಆಯುಷ್ಯ ಬಸ್ಸಿನಲ್ಲೇ ಕಳೆಯುತ್ತದೆ ಎಂದು ಮಕ್ಕಳು ಹೇಳುವುದುಂಟು. ಸಂಖ್ಯಾಶಾಸ್ತ್ರ ನಿಂತರೆ ಇಲ್ಲಿಯ ಅವರ ಕೆಲಸವೂ ನಿಂತ ಹಾಗೆಯೇ.

"ಅವಳನ್ನು ಬಿಡಿ ಸರ್," ಎಂದರು ಅವರು. "ಅವಳು ಹೋಗಬೇಕು."

ಹೊರಗೆ ಬಂದ ಮೇಲೆ ಯಶಸ್ವಿ ಅವರ ಹಿಂದೆಯೇ ಓಡಿದಳು. "ಮೇಡಂ, ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ನನಗೆ ಹೇಳಿಕೊಟ್ಟದ್ದು?"

ದಮಯಂತಿ ಮೇಡಂ ನಿಂತರು. ಅವರ ಮುಖದಲ್ಲಿ ನಗು ಇರಲಿಲ್ಲ. "ನಿನಗೆ ಸಿಗಲಿಕ್ಕಿಲ್ಲ ಅಂತ ಅರ್ಧ ಮನಸ್ಸಿತ್ತು. ಸಿಗಲಿ ಅಂತ ಇನ್ನರ್ಧ. ಈಗ ಸಿಕ್ಕಿದೆ. ನಾನು ಖುಷಿಯಿಂದ ಕುಣಿಯುತ್ತೇನೆ ಅಂತ ಎಣಿಸಬೇಡ. ಆದರೆ ನಿನ್ನನ್ನು ಹಿಡಿದು ಕೂರಿಸಿ ನನ್ನ ಕೆಲಸ ಉಳಿಸಿಕೊಳ್ಳಲಿಕ್ಕೂ ನನ್ನಿಂದ ಆಗುದಿಲ್ಲ. ಬಸ್ಸಿಗೆ ಹೊತ್ತಾಯಿತು." ಕೊಡೆ ಬಿಡಿಸಿ ಇಳಿದು ಹೋದರು.

ಗೆಳತಿ ಫೌಝಿಯಾಗೆ ಸುದ್ದಿ ಮುಟ್ಟಲಿಕ್ಕೆ ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಪಿ.ಯು.ಸಿ.ಯಿಂದಲೂ ಇಬ್ಬರೂ ಒಂದೇ ಬೆಂಚಿನವರು. ಫೌಝಿಯಾ ಮನೆಯಲ್ಲೇ ಕೇಕ್ ಮಾಡಿ ಕಡಬದ ಸುತ್ತಮುತ್ತಲ ಹುಟ್ಟುಹಬ್ಬಗಳಿಗೆ ತಾನೇ ಸ್ಕೂಟರಿನಲ್ಲಿ ಮುಟ್ಟಿಸುವವಳು. ಕಾಲೇಜು ಮುಗಿಸಿ ಮೂರು ಗಂಟೆಗೆ ಮನೆ ಸೇರಿದರೆ ಮಾತ್ರ ಆ ಕೆಲಸ ನಡೆಯುತ್ತದೆ. ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಗಣಿತ ಕಲಿಸಬೇಕೆಂಬುದು ಅವಳ ಆಸೆ.

"ಸಂಖ್ಯಾಶಾಸ್ತ್ರ ಓದ್ಲಿಕ್ಕೆ ನಾನು ದಿನಾ ಪುತ್ತೂರಿಗೆ ಹೋಗಿ ಬರಬೇಕಾ ಈಗ?" ಎಂದಳು ಅವಳು. "ಇಲ್ಲದಿದ್ದರೆ ಇಷ್ಟವಿಲ್ಲದ ವಿಷಯ ತಗೊಂಡು ಕೂರಬೇಕಾ? ಪರೀಕ್ಷೆ ಬರೆದದ್ದನ್ನೂ ನನ್ನ ಹತ್ತಿರ ಹೇಳಲಿಲ್ಲ ನೀನು."

"ಸಿಗುದಿಲ್ಲ ಅಂತ ಎಣಿಸಿದ್ದೆ."

"ಸಿಗುದಿಲ್ಲ ಅಂತ ಎಣಿಸಿದವರು ಅಷ್ಟು ಓದುದಿಲ್ಲ ಯಶು."

ಮನೆಗೆ ಹೋದ ಯಶಸ್ವಿ ಊಟಕ್ಕೆ ಕೂತು ಎದ್ದಳು, ಪುಸ್ತಕ ತೆಗೆದು ಮುಚ್ಚಿದಳು. ಹೋಗುವುದಿಲ್ಲ ಎಂದು ನಿಶ್ಚಯಿಸಿ ನೋಡಿದಳು. ಹಾಗೆ ನಿಶ್ಚಯಿಸಿದ ಕೂಡಲೇ ಚಾದ ತಟ್ಟೆ ಕಣ್ಣೆದುರು ಬಂತು. ಹೋಗುತ್ತೇನೆ ಎಂದು ನಿಶ್ಚಯಿಸಿದರೆ ಫೌಝಿಯಾಳ ಮುಖ. ಯಾರಾದರೂ ಅಲ್ಲಿಯ ವಿಷಯ ತಿಳಿದವರು ಎರಡು ಮಾತು ಹೇಳಿದರೆ ಮನಸ್ಸು ಒಂದು ಕಡೆ ನಿಂತೀತು ಎನಿಸಿತು. ಕೋಡಿಂಬಾಳದ ಅವಳ ಮನೆಯಿಂದ ನಾಲ್ಕು ಮನೆ ಆಚೆಯ ದಿಶಾಂತ್ ಅದೇ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯ ಓದುತ್ತಿದ್ದ. ಶಾಲೆಯಲ್ಲಿ ಅವಳದೇ ತರಗತಿ, ಅಂಕದಲ್ಲಿ ಅವಳಿಗಿಂತ ಯಾವಾಗಲೂ ಒಂದು ಮೆಟ್ಟಿಲು ಮೇಲೆ ಇದ್ದವನು. ಅವನಿಗೆ ಸೀಟು ಸಿಕ್ಕಾಗ ಊರಿನ ಯುವಕ ಮಂಡಲದವರು ಶಾಲು ಹೊದಿಸಿ, ಫ್ಲೆಕ್ಸ್ ಹಾಕಿಸಿದ್ದರು. ಅವನಿಗೆ ಫೋನು ಮಾಡಿದಳು.

"ಒಳ್ಳೆದುಂಟು. ಬಾ," ಎಂದ ಅವನು. ಅಷ್ಟೇ. ಹಿಂದಿನಿಂದ, ಅವನ ಮನೆಯಲ್ಲಿರುವಂಥ ರಬ್ಬರ್ ಶೀಟ್ ಒತ್ತುವ ಮಿಶಿನಿನ ಕಿರ್ರೆನ್ನುವ ಸದ್ದು ಕೇಳುತ್ತಿತ್ತು.

"ನೀನು ಊರಲ್ಲಿದ್ದೀಯಾ?"

"ಇಲ್ಲ, ಹಾಸ್ಟೆಲಲ್ಲಿ," ಎಂದು ಫೋನಿಟ್ಟ.

ಯಶಸ್ವಿಯ ಅಪ್ಪ ತೀರ್ಥರಾಮ ಪುತ್ತೂರು–ಕಡಬ ಖಾಸಗಿ ಬಸ್ಸಿನ ಡ್ರೈವರ್. ಅವನಿಗೆ ಗೊತ್ತಿಲ್ಲದೆ ಆ ದಾರಿಯಲ್ಲಿ ಯಾರೂ ಎಲ್ಲಿಗೂ ಹೋಗುವಂತಿಲ್ಲ. ರಾತ್ರಿ ಊಟದ ಹೊತ್ತಿಗೆ ಅವಳು ಸುಮ್ಮನೆ ಕೇಳಿದಳು.

"ದಿಶಾಂತಾ? ಅವ ದಿನಾ ನನ್ನ ಬಸ್ಸಲ್ಲೇ ಉಂಟಲ್ಲ," ಎಂದ ಅಪ್ಪ. "ಬೆಳಿಗ್ಗೆ ಪುತ್ತೂರಿಗೆ, ಸಂಜೆ ವಾಪಸ್. ಎಂತದೋ ಟ್ರೈನಿಂಗ್ ಅಂತೆ. ಅವನ ಅಮ್ಮ ವಾರಿಜಕ್ಕ ಬುತ್ತಿ ಕಟ್ಟಿ ಕೊಡ್ತಾರೆ. ಹಿಂದಿನ ಸೀಟಲ್ಲಿ ಕೂತರೆ ಒಂದು ಮಾತಿಲ್ಲ. ಮೊದಲು ಹಾಗಿರಲಿಲ್ಲ ಆ ಹುಡುಗ."

ಮರುದಿನ ಯಶಸ್ವಿ ಕಾಲೇಜಿಗೆ ಹೋಗಲಿಲ್ಲ. ಎರಡನೇ ಬಸ್ಸಿಗೆ ಪುತ್ತೂರಿಗೆ ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿದಳು, ಗ್ರಂಥಾಲಯದಲ್ಲಿ ಹುಡುಕಿದಳು. ಕಂಪ್ಯೂಟರ್ ಕ್ಲಾಸಿನ ಬೋರ್ಡು ಕಂಡಲ್ಲೆಲ್ಲ ಮೆಟ್ಟಿಲು ಹತ್ತಿ ಇಣುಕಿದಳು. ಕೊನೆಗೆ ಅವನು ಸಿಕ್ಕಿದ್ದು ಬೀರಮಲೆ ಗುಡ್ಡೆಯ ಮೇಲೆ, ಪಾರ್ಕಿನ ಕಲ್ಲುಬೆಂಚಿನಲ್ಲಿ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಅವನು ಕೊಡೆ ಹಿಡಿದು ಕೆಳಗಿನ ಪೇಟೆ ನೋಡುತ್ತಾ ಕೂತಿದ್ದ.

ಅವಳನ್ನು ನೋಡಿ ಎದ್ದು ನಿಂತ, ಮತ್ತೆ ಕೂತ.

"ನಿನ್ನ ಅಪ್ಪ ಹೇಳಿದರಾ?"

"ಹೂಂ."

ಯಶಸ್ವಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಆಮೇಲೆ ಅವನೇ ಶುರುಮಾಡಿದ. ಅಲ್ಲಿಯ ಮಕ್ಕಳು ಮೊದಲ ದಿನವೇ ಕಂಪ್ಯೂಟರಿನಲ್ಲಿ 'ಆರ್' ಎನ್ನುವ ಭಾಷೆ ಬಳಸಿ ಪಟಪಟನೆ ಲೆಕ್ಕ ಬಿಡಿಸುತ್ತಿದ್ದರಂತೆ. ಇವನಿಗೆ ಮನೆಯಲ್ಲಿ ಲ್ಯಾಪ್‌ಟಾಪೇ ಇರಲಿಲ್ಲ. ಕೇಳಿ ಕಲಿಯುವ ಅಂದರೆ ನಾಚಿಕೆ, ಯಾಕೆಂದರೆ ಶಾಲು ಹೊದಿಸಿಕೊಂಡು ಬಂದವನು. ತರಗತಿಯೆದುರು ನಿಂತು ಮಾತಾಡಬೇಕಾದ ದಿನ ಎರಡು ಮಾತು ಆಡಿ ಬಂದು ಕೂತುಬಿಟ್ಟ. ಆ ಮೇಲೆ ಅಂಥ ದಿನಗಳಲ್ಲಿ ಜ್ವರ ಎಂದು ಹಾಸ್ಟೆಲಿನಲ್ಲೇ ಉಳಿದ. ಮೆಸ್ಸಿಗೆ ಎಲ್ಲರೂ ತಿಂದು ಹೋದ ಮೇಲೆ ಹೋಗುತ್ತಿದ್ದ. ನಾಲ್ಕು ಸೆಮಿಸ್ಟರ್ ಹೇಗೋ ತೇರ್ಗಡೆಯಾದ. ಐದನೆಯದಕ್ಕೆ ಹೋಗಲು ಕಾಲು ಬರುತ್ತಿಲ್ಲ.

"ಅಮ್ಮನ ಹತ್ತಿರ ಹೇಳಿಲ್ವಾ?"

"ಎಂತ ಅಂತ ಹೇಳುದು? ಆ ಫ್ಲೆಕ್ಸನ್ನು ಅಮ್ಮ ಇನ್ನೂ ಮಡಚಿ ಇಟ್ಟಿದ್ದಾರೆ."

ತನಗಿಂತ ಮುಂದಿದ್ದವನಿಗೇ ಹೀಗಾದರೆ ತನ್ನ ಗತಿ ಏನು ಎಂಬ ಹೆದರಿಕೆ ಯಶಸ್ವಿಗೆ ಒಂದು ಕಡೆ. ಆದರೆ ಅದಕ್ಕೂ ಮೊದಲೇ ಇನ್ನೊಂದು ಯೋಚನೆ ತಲೆಯೊಳಗೆ ನುಗ್ಗಿ ಕೂತಿತ್ತು: ಇವನು ಬಂದರೆ ಹತ್ತಾಗುತ್ತದೆ. ಅದನ್ನು ತಡೆದುಕೊಳ್ಳಬೇಕಿತ್ತು. ತಡೆದುಕೊಳ್ಳಲು ಅವಳಿಗೆ ಬರಲಿಲ್ಲ.

"ನೀನು ನಮ್ಮ ಕಾಲೇಜಿಗೆ ಬಂದುಬಿಡು," ಎಂದಳು. "ನಾನು ಹೋದರೆ ಒಂಬತ್ತೇ ಜನ ಉಳಿಯುದು. ಒಬ್ಬರು ಬೇಕು."

ದಿಶಾಂತ್ ಅವಳನ್ನೇ ನೋಡಿದ. "ಅದಕ್ಕಾ ಇಷ್ಟು ದೂರ ಹುಡುಕಿಕೊಂಡು ಬಂದದ್ದು? ನನ್ನ ಕತೆ ಕೇಳಿದ್ದು ಲೆಕ್ಕ ಸರಿಮಾಡ್ಲಿಕ್ಕಾ?"

"ಹಾಗಲ್ಲ..."

"ಹಾಗೆಯೇ," ಎಂದು ಚೀಲ ಹೆಗಲಿಗೇರಿಸಿ ಗುಡ್ಡೆ ಇಳಿದು ಹೋದ. ಸಂಜೆ ಅಪ್ಪನ ಬಸ್ಸಿನಲ್ಲಿ ಅವನು ಹಿಂದೆ, ಅವಳು ಮುಂದೆ. ಒಮ್ಮೆಯೂ ತಿರುಗಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಆ ರಾತ್ರಿ ಅವಳು ಫೌಝಿಯಾಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದಳು, ತನ್ನ ಮರ್ಯಾದೆ ಉಳಿಸಿಕೊಳ್ಳಲು ಏನನ್ನೂ ಮುಚ್ಚಿಡದೆ. ಫೌಝಿಯಾ ಕೇಳಿ ಮುಗಿಸಿ, "ಅಷ್ಟು ಬೇಜಾರಿನಲ್ಲಿದ್ದವನ ಹತ್ತಿರ ಹಾಗೆ ಕೇಳುದಾ? ನಿನಗೆ ತಲೆ ಸರಿ ಉಂಟಾ?" ಎಂದು ಬೈದಳು. ಬೈದಾದ ಮೇಲೆ, "ಪಾಪ ಅವ," ಎಂದಳು. ಆಮೇಲೆ, "ನಾಳೆ ನಾನೂ ಬರ್ತೇನೆ. ಕಾಲೇಜಿನ ವಿಷಯ ಎತ್ತಿದರೆ ನಿನ್ನನ್ನು ಗುಡ್ಡೆಯಿಂದ ದೂಡಿ ಹಾಕ್ತೇನೆ."

ಅವನು ಅದೇ ಬೆಂಚಿನಲ್ಲಿದ್ದ. ಯಶಸ್ವಿ ಹೋದವಳೇ ತಪ್ಪಾಯಿತು ಎಂದಳು. ಅವನು ತಲೆಯಾಡಿಸಿದ, ಅಷ್ಟೇ. ಫೌಝಿಯಾ ಡಬ್ಬಿಯಿಂದ ಕೇಕಿನ ತುಂಡು ತೆಗೆದು ಅವನ ಕೈಗಿಟ್ಟು, "ಆ ಆರ್ ಅಂದರೆ ಎಂತ ಮಾರಾಯ? ಅಷ್ಟು ಕಷ್ಟವಾ?" ಎಂದು ಕೇಳಿದಳು.

"ಕಷ್ಟ ಅಲ್ಲ. ಶುರುವಿಗೆ ಯಾರೂ ಹೇಳಿಕೊಡದಿದ್ದರೆ ಕಷ್ಟ."

"ಹಾಗಾದರೆ ನಮಗೆ ಹೇಳಿಕೊಡು. ಇವಳು ಅಲ್ಲಿಗೆ ಹೋದರೂ ಬೇಕು, ಹೋಗದಿದ್ದರೂ ಬೇಕು. ನನಗಂತೂ ಬೇಕೇ ಬೇಕು, ನಮ್ಮ ಕಾಲೇಜಲ್ಲಿ ಅದನ್ನು ಮುಟ್ಟಿದವರೇ ಇಲ್ಲ."

ದಿಶಾಂತ್ ಕೇಕ್ ತಿಂದು ಮುಗಿಸಿದ. ಆಮೇಲೆ ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದ. ಎರಡನೇ ವರ್ಷದಲ್ಲಿ ಅಮ್ಮ ತೆಗೆಸಿಕೊಟ್ಟದ್ದು ಅದು. ಅಂದಿನಿಂದ ಬಿಡುವಾದಾಗಲೆಲ್ಲ ಇಬ್ಬರೂ ಅಲ್ಲಿಗೆ ಹೋಗುತ್ತಿದ್ದರು. ಮಳೆ ಬಂದರೆ ಗ್ರಂಥಾಲಯದ ಜಗಲಿ, ಬಿಟ್ಟರೆ ಗುಡ್ಡೆಯ ಬೆಂಚು. ಅವನು ಹೇಳಿಕೊಡುವ ರೀತಿ ಬೇರೆಯೇ ಇತ್ತು. ತಾನು ಎಲ್ಲೆಲ್ಲಿ ಎಡವಿದ್ದನೋ ಅಲ್ಲೆಲ್ಲ ನಿಲ್ಲಿಸಿ, "ಇಲ್ಲಿ ತಪ್ಪುತ್ತದೆ, ನೋಡಿಕೊಳ್ಳಿ," ಎನ್ನುತ್ತಿದ್ದ. ನಡುನಡುವೆ ಯಶಸ್ವಿಗೆ ಅಲ್ಲಿಯ ಸಂಗತಿ ಹೇಳುತ್ತಿದ್ದ. "ಹಿಂದಿನ ಬೆಂಚಿಗೆ ಹೋಗಬೇಡ. ಗೊತ್ತಿಲ್ಲದಿದ್ದರೆ ಆ ದಿನವೇ ಕೇಳು, ಮರುದಿನ ಕೇಳ್ಲಿಕ್ಕೆ ಆಗುದಿಲ್ಲ. ಊಟಕ್ಕೆ ಒಬ್ಬಳೇ ಹೋಗಬೇಡ." ಹೇಳುತ್ತಾ ಹೇಳುತ್ತಾ ಅವನ ಬೆನ್ನು ನೆಟ್ಟಗಾಗುತ್ತಿದ್ದುದನ್ನು ಅವಳು ಗಮನಿಸಿದಳು. ಆದರೂ ತಿಂಗಳ ಕೊನೆ ಹತ್ತಿರ ಬರುತ್ತಿದ್ದ ಹಾಗೆ ಅವಳ ಒಳಗೆ ಯಾರೋ ಬಾಗಿಲು ತಟ್ಟಿದಂತಾಗುತ್ತಿತ್ತು. ಕೇಳಬಾರದು, ಕೇಳಬಾರದು ಎಂದು ನಾಲಿಗೆ ಕಚ್ಚಿಕೊಂಡಳು.

ಒಂದು ದಿನ ಅವನೇ ಕೇಳಿದ. "ನಿಮ್ಮ ದಮಯಂತಿ ಮೇಡಂ ಹೇಗೆ? ಜೋರಾ?"

"ಜೋರೇ," ಎಂದಳು ಫೌಝಿಯಾ. "ಆದರೆ ಒಂದು ಲೆಕ್ಕವನ್ನು ಹತ್ತು ಸಲ ಕೇಳಿದರೂ ಹೇಳಿಕೊಡ್ತಾರೆ."

ಅವನು ಲ್ಯಾಪ್‌ಟಾಪ್ ಮುಚ್ಚಿದ. "ಅಮ್ಮನ ಹತ್ತಿರ ಹೇಳಬೇಕು. ನೀವಿಬ್ಬರೂ ಬನ್ನಿ. ಒಬ್ಬನಿಂದ ಆಗುದಿಲ್ಲ."

ದಿಶಾಂತನ ಅಮ್ಮ ವಾರಿಜಾಕ್ಷಿ ಕೊಟ್ಟಿಗೆಯ ಪಕ್ಕದ ಮಾಡಿನಡಿಯಲ್ಲಿ ರಬ್ಬರ್ ಶೀಟ್ ಒತ್ತುತ್ತಿದ್ದರು. ಮಗ ಎದುರು ನಿಂತು ಎಲ್ಲವನ್ನೂ ಹೇಳಿದ, ಒಂದೇ ಉಸಿರಿಗೆ, ನೆಲ ನೋಡಿಕೊಂಡು. ಅವರು ಮಿಶಿನಿನ ಹಿಡಿ ಬಿಡಲಿಲ್ಲ, ತಿರುಗಿಸಲೂ ಇಲ್ಲ.

"ಟ್ರೈನಿಂಗ್ ಅಂದದ್ದು ಸುಳ್ಳಾ?"

"ಹೂಂ."

"ದಿನಾ ಚಪಾತಿ ಮಾಡಿ ಕಟ್ಟಿ ಕೊಟ್ಟೆನಲ್ಲ. ಅದನ್ನು ಎಲ್ಲಿ ಕೂತು ತಿಂದೆ?"

"ಗುಡ್ಡೆ ಮೇಲೆ."

"ಒಬ್ಬನೇ?"

"ಮೊದಲು ಒಬ್ಬನೇ. ಈಗ ಇವರು ಇದ್ದರು."

ವಾರಿಜಾಕ್ಷಿಗೆ ಅದನ್ನು ತಡೆಯಲಾಗಲಿಲ್ಲ. ಸೀಟು, ಶಾಲು, ಫ್ಲೆಕ್ಸ್ ಯಾವುದರ ಮಾತೂ ಅವರ ಬಾಯಿಂದ ಬರಲಿಲ್ಲ. "ಮಳೆಯಲ್ಲಿ ಕೂತು ತಿಂದೆಯಾ? ಮನೆಯಲ್ಲಿ ನಾನು ಇರಲಿಲ್ವಾ?" ಎಂದು ಅದನ್ನೇ ಮತ್ತೆ ಮತ್ತೆ ಕೇಳುತ್ತಾ ಸೆರಗಿನಿಂದ ಮುಖ ಒತ್ತಿಕೊಂಡರು. ಯಶಸ್ವಿ ಅಲ್ಲಿ ನಿಲ್ಲಲಾಗದೆ ಅಂಗಳಕ್ಕೆ ಬಂದಳು. ಫೌಝಿಯಾ ಒಳಗೇ ಉಳಿದು, ಒತ್ತಿ ಮುಗಿಯದಿದ್ದ ಶೀಟನ್ನು ತೆಗೆದು ಪಕ್ಕಕ್ಕಿಟ್ಟಳು.

ಮಗ ಯಶಸ್ವಿಯ ಕಾಲೇಜಿಗೆ ಸೇರುವುದಕ್ಕೆ ವಾರಿಜಾಕ್ಷಿ ಒಪ್ಪಿದರು. ಆದರೆ ಮನೆಯವರು ಒಪ್ಪಿದ ಮಾತ್ರಕ್ಕೆ ಕಾಲೇಜು ಬದಲಾಗುವುದಿಲ್ಲ. ಅಲ್ಲಿ ಕಲಿತದ್ದು ಇಲ್ಲಿಗೆ ಹೊಂದುತ್ತದೆ ಎಂದು ಈ ಕಾಲೇಜು ಸೇರಿದ ವಿಶ್ವವಿದ್ಯಾಲಯ ಒಪ್ಪಬೇಕು, ಅದಕ್ಕೆ ಶುಲ್ಕ, ಅದಕ್ಕೆ ಸಹಿ, ಅದಕ್ಕೆ ವಾರಗಟ್ಟಲೆ ಕಾಯುವಿಕೆ. ದಮಯಂತಿ ಮೇಡಂ ಸುಳ್ಯದ ತರಗತಿ ತಪ್ಪಿಸಿ ಎರಡು ಸಲ ಆ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ಬಂದರು. ತಿಂಗಳ ಕೊನೆಯ ದಿನ ಬೆಳಿಗ್ಗೆಯೂ ಒಪ್ಪಿಗೆಯ ಕಾಗದ ಬಂದಿರಲಿಲ್ಲ. ಪ್ರಾಂಶುಪಾಲರ ಕೋಣೆಯ ಹೊರಗೆ ಯಶಸ್ವಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದಳು. ಅಟೆಂಡರ್, "ಕೂತುಕೋ ಮಗಾ, ನನಗೆ ತಲೆ ತಿರುಗ್ತದೆ," ಎಂದ.

ಒಳಗಿನಿಂದ ಮೇಡಂ ಸ್ವರ ಕೇಳಿತು. "ಕಾಗದ ಬರುವವರೆಗೆ ಆ ಹುಡುಗನನ್ನು ತರಗತಿಯಲ್ಲಿ ಕೂರಿಸುವ ಸರ್. ಬರದಿದ್ದರೆ ಆಡಳಿತ ಮಂಡಳಿಯ ಎದುರು ನಾನೇ ನಿಲ್ತೇನೆ. ನನ್ನನ್ನು ತೆಗೆಯುದು ಹೇಗೂ ನಿಮಗೆ ಸುಲಭ."

ಕೊನೆಗೆ ಪ್ರಾಂಶುಪಾಲರು ಬೆಲ್ ಒತ್ತಿದರು. ಎನ್.ಒ.ಸಿ., ಟಿ.ಸಿ. ಎರಡೂ ಕೈಗೆ ಬಂದಾಗ ಮಧ್ಯಾಹ್ನದ ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಯಶಸ್ವಿ ಮೇಡಂಗೆ ಏನೋ ಹೇಳಲು ಹೋದಳು. "ಓಡು, ಓಡು," ಎಂದು ಅವರು ಕೈ ಬೀಸಿದರು.

ಅವಳು ಹೋದ ಮೇಲೆ ಇಲ್ಲಿ ನಡೆದದ್ದು ಇಷ್ಟು. ದಿಶಾಂತನ ಕಾಗದ ತರಗತಿ ಶುರುವಾಗಿ ಎರಡು ವಾರದ ಮೇಲೆ ಬಂತು. ಸಂಖ್ಯಾಶಾಸ್ತ್ರ ನಡೆಯಿತು. ಆಗಸ್ಟಿನಲ್ಲಿ ಅದೇ ಹತ್ತು ಜನರಲ್ಲಿ ಒಬ್ಬ ಹುಡುಗ ನೌಕಾಪಡೆಗೆ ಆಯ್ಕೆಯಾಗಿ ಹೊರಟುಹೋದ. ಮತ್ತೆ ಒಂಬತ್ತು. ಆದರೆ ಸೆಮಿಸ್ಟರ್ ಶುರುವಾಗಿತ್ತಾದ್ದರಿಂದ ಯಾರೂ ಆ ಮಾತೆತ್ತಲಿಲ್ಲ. ಅದನ್ನು ಫೋನಿನಲ್ಲಿ ಹೇಳುತ್ತಾ ಫೌಝಿಯಾ ನಕ್ಕು ನಕ್ಕು ಸುಸ್ತಾದಳು. ಯಶಸ್ವಿಗೆ ನಗು ಬರಲಿಲ್ಲ. ಇಷ್ಟಕ್ಕಾ ನಾವೆಲ್ಲ ಸತ್ತು ಬದುಕಿದ್ದು ಎನಿಸಿತು.

ಅಲ್ಲಿ ಅವಳ ಮೊದಲ ಟೆಸ್ಟಿನ ಅಂಕ ತರಗತಿಯಲ್ಲೇ ಕೊನೆಯಿಂದ ಎರಡನೆಯದು. ಆ ದಿನ ಅವಳಿಗೆ ಜ್ವರ ಬಂದಂತಾಯಿತು, ನಿಜವಾದ ಜ್ವರವಲ್ಲ. ಎದ್ದು ಹೋಗಿ ಪ್ರೊಫೆಸರರ ಬಾಗಿಲು ತಟ್ಟಿದಳು, ಆ ದಿನವೇ. ಇಂಗ್ಲಿಷು ತಡವರಿಸಿದಾಗ ಕನ್ನಡದಲ್ಲೇ ಕೇಳಿದಳು. ಅವರು ಕನ್ನಡದಲ್ಲೇ ಉತ್ತರಿಸಿದರು. ತರಗತಿಯೆದುರು ಮಾತಾಡುವ ದಿನ ಅರ್ಧಕ್ಕೆ ನಿಂತುಹೋದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಕಾಗದ ಮಡಚಿಟ್ಟು ಮೊದಲಿನಿಂದ ಮತ್ತೆ ಶುರುಮಾಡಿದಳು. ಡಿಸೆಂಬರಿನಲ್ಲಿ ಬಂದ ಮೊದಲ ವಿಮಾ ಕಂಪೆನಿ ಅವಳನ್ನು ಗುಂಪು ಚರ್ಚೆಯಲ್ಲೇ ಕೈಬಿಟ್ಟಿತು. ಜನವರಿಯಲ್ಲಿ ಬಂದ ಇನ್ನೊಂದು ಕಂಪೆನಿಯವರು ಅವಳ ಅಂಕಪಟ್ಟಿಯನ್ನು ಪುಟಪುಟವಾಗಿ ನೋಡಿ, ಎರಡು ಲೆಕ್ಕ ಕೊಟ್ಟು, ಎದುರಿಗೇ ಬಿಡಿಸಲು ಹೇಳಿದರು. ತೆಗೆದುಕೊಂಡರು. ಡಿಗ್ರಿ ಮುಗಿದ ಮೇಲೆ ಸೇರುವುದು.

ಆ ವಾರ ಊರಿಗೆ ಹೊರಟವಳು ಉಪ್ಪಿನಂಗಡಿಯಲ್ಲಿ ಇಳಿದು ಅಪ್ಪನ ಬಸ್ಸಿಗೆ ಕಾದಳು. ಬಸ್ಸು ಬಂದು ನಿಂತಿತು. ಚಾ ಕುಡಿಯುವಷ್ಟು ಹೊತ್ತಿತ್ತು. ಹೋಟೆಲಿನ ಎದುರು ನಿಂತು ಅಪ್ಪ ಗ್ಲಾಸು ಊದುತ್ತಾ ಕೇಳಿದ.

"ಅಂತೂ ಆಯಿತಲ್ಲ. ಈಗ ಮನಸ್ಸಿಗೆ ಸಮಾಧಾನವಾ?"

ಯಶಸ್ವಿ ರಸ್ತೆ ನೋಡಿದಳು. "ಗೊತ್ತಿಲ್ಲ ಅಪ್ಪ. ನನ್ನ ರೂಮಿನವಳು ಎಂ.ಎಸ್ಸಿ.ಗೆ ಕೋಲ್ಕತ್ತಾಕ್ಕೆ ಅರ್ಜಿ ಹಾಕ್ತಾ ಇದ್ದಾಳೆ. ಇಡೀ ದೇಶಕ್ಕೆ ಒಳ್ಳೆಯ ಜಾಗ ಅಂತೆ ಅದು. ಪರೀಕ್ಷೆ ಮೇ ತಿಂಗಳಲ್ಲಿ. ನಾನೂ ಬರೆದು ನೋಡುವ ಅಂತ..."

ತೀರ್ಥರಾಮ ಮಗಳ ಮುಖವನ್ನು ಒಮ್ಮೆ ನೋಡಿದ. ಬಯ್ಯಲೂ ಇಲ್ಲ, ಹೊಗಳಲೂ ಇಲ್ಲ. ಉಳಿದ ಚಾ ಒಂದೇ ಗುಟುಕಿಗೆ ಮುಗಿಸಿ, "ಮುಂದಿನ ಸೀಟಲ್ಲಿ ಕೂತುಕೋ. ದಾರಿಯಲ್ಲಿ ಹೇಳು," ಎಂದು ಬಸ್ಸಿನ ಕಡೆಗೆ ನಡೆದ.